ಜೇನು ಪೆಟ್ಟಿಗೆಯ ನುಸಿ ಮತ್ತು ಅದಕ್ಕೆ ನೈಸರ್ಗಿಕ ಮದ್ದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಜೇನು ಸಾಕುವವರು ಫೋನಿನಲ್ಲಿ, ಕಾಗದದಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತಾಗ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ತೋಟದಲ್ಲಿ ನಮ್ಮ ನಾಡಿನ ಜೇನಾದ ತುಡುವೆಯ ಪೆಟ್ಟಿಗೆಗಳೇ ಜಾಸ್ತಿ, ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನಿನವು ನಾಲ್ಕು ಇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಜೇನು, ಯಾವ ನುಸಿ, ಎಷ್ಟು ನುಸಿ, ಈ ಮೂರು ಗೊತ್ತಾಗುವ ತನಕ ಪೆಟ್ಟಿಗೆಗೆ ಏನನ್ನೂ ಹಾಕಬೇಡಿ.

## ಮೊದಲು ಗುರುತು ಹಿಡಿಯುವುದು

ಅಡಿಹಲಗೆ ಮೇಲೆ ಕೆಂಪು ಎಳ್ಳಿನ ಥರ ಏನೋ ಬಿದ್ದಿದೆ. ಇದೇನಾ ನುಸಿ?

ಇರಬಹುದು. ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬಿಸಿಲಿಗೆ ಹಿಡಿಯಿರಿ. ವರೋವಾ ನುಸಿ ಪುಟ್ಟ ಏಡಿಯ ಚಿಪ್ಪಿನ ಹಾಗೆ ಚಪ್ಪಟೆಯಾಗಿರುತ್ತದೆ, ಉದ್ದಕ್ಕಿಂತ ಅಗಲವೇ ಜಾಸ್ತಿ. ಉದ್ದ ಸುಮಾರು 1.1 ಮಿ.ಮೀ., ಅಗಲ ಸುಮಾರು 1.6 ಮಿ.ಮೀ. ಬಣ್ಣ ಅಡಿಕೆ ಚೊಗರಿನ ಬಣ್ಣ. ಮಗುಚಿ ಹಾಕಿದರೆ ಎಂಟು ಗಿಡ್ಡ ಕಾಲು ಕಾಣುತ್ತವೆ, ಜೀವ ಇದ್ದರೆ ಆಡಿಸುತ್ತಿರುತ್ತದೆ. ಮೇಣದ ಚೂರಾದರೆ ಹಿಸುಕಿದಾಗ ಮೆತ್ತಗಾಗುತ್ತದೆ, ಪರಾಗದ ಉಂಡೆಯಾದರೆ ಪುಡಿಯಾಗುತ್ತದೆ. ನುಸಿ ಗಟ್ಟಿ.

ಇನ್ನೊಂದು ನುಸಿ ಇದೆ, ಟ್ರೋಪಿಲೇಲ್ಯಾಪ್ಸ್ ಅಂತ. ಅದು ಇದಕ್ಕಿಂತ ಚಿಕ್ಕದು, ಉದ್ದಕ್ಕೆ ಸಪೂರ. ನಿಂತಲ್ಲಿ ನಿಲ್ಲುವುದಿಲ್ಲ, ಎರಿಯ, ಅಂದರೆ ಜೇನು ಕಟ್ಟುವ ಮೇಣದ ಹಲ್ಲೆಯ, ಮೇಲೆ ಸರಸರ ಓಡುತ್ತದೆ. ಓಟ ನೋಡಿಯೇ ಗುರುತು ಹಿಡಿಯಬಹುದು.

ತುಡುವೆ ಪೆಟ್ಟಿಗೆಯಲ್ಲಿ ಕೆಲವೊಮ್ಮೆ ಬಾಲವಿಲ್ಲದ ಪುಟಾಣಿ ಚೇಳಿನಂಥ ಜೀವಿ ಓಡಾಡುತ್ತಿರುತ್ತದೆ. ಅದು ಹುಸಿಚೇಳು. ಅದನ್ನು ನೋಡಿ ಹೆದರಿ ಮದ್ದು ಹಾಕಿದವರಿದ್ದಾರೆ. ಬಿಟ್ಟುಬಿಡಿ, ಅದರಿಂದ ತೊಂದರೆ ಇಲ್ಲ.

ನುಸಿ ಅಂದ್ರೆ ಉಣುಗಿನ ಥರನಾ? ನಮಗೂ ಕಚ್ಚುತ್ತಾ?

ಉಣುಗಿನ ದಾಯಾದಿ ಅನ್ನಬಹುದು, ಎರಡೂ ಎಂಟು ಕಾಲಿನ ಜಾತಿ. ಆದರೆ ಈ ನುಸಿ ಮನುಷ್ಯರಿಗೆ ಕಚ್ಚುವುದಿಲ್ಲ, ದನಕ್ಕೂ ಹತ್ತುವುದಿಲ್ಲ. ನಮ್ಮ ಜಿಲ್ಲೆಯವರು ಈ ಪ್ರಶ್ನೆ ಕೇಳುವುದು ಸಹಜ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡಾಗಿನಿಂದ ಉಣುಗು ಅಂದರೆ ಎದೆ ಝಲ್ಲೆನ್ನುತ್ತದೆ. ಆ ಭಯ ಇಲ್ಲಿ ಬೇಡ. ತೆಂಗಿನಕಾಯಿಗೆ ಬರುವ ನುಸಿಯೂ ಬೇರೆಯದೇ. ಅದು ಗಿಡದ ರಸ ಹೀರುವಂಥದ್ದು, ಬರಿಗಣ್ಣಿಗೆ ಕಾಣುವುದೂ ಇಲ್ಲ.

ಇಷ್ಟು ಸಣ್ಣ ನುಸಿ ಒಂದು ಇಡೀ ಕುಟುಂಬ ಹಾಳು ಮಾಡುತ್ತಾ?

ಮಾಡುತ್ತದೆ, ಮೆಲ್ಲಿಫೆರಾದಲ್ಲಿ. ಹೇಗೆ ಅಂತ ತಿಳಿದರೆ ಮದ್ದು ಯಾವಾಗ ಹಾಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಹೆಣ್ಣು ನುಸಿ ಬಲಿತ ಜೇನುನೊಣದ ಹೊಟ್ಟೆಯ ಅಡಿಯಲ್ಲಿ, ಪದರದ ಸಂದಿಯಲ್ಲಿ ಕಚ್ಚಿಕೊಂಡಿರುತ್ತದೆ. ಮರಿ ಹುಳು ಬಲಿತು, ಅದಿರುವ ಎರಿಯ ಕಣಕ್ಕೆ ಮೇಣದ ಮುಚ್ಚಳ ಬೀಳುವ ಹೊತ್ತಿಗೆ ಸರಿಯಾಗಿ ಒಳಗೆ ನುಗ್ಗಿ, ಹುಳುವಿನ ಆಹಾರದ ಅಡಿಯಲ್ಲಿ ಅಡಗುತ್ತದೆ. ಮುಚ್ಚಳ ಬಿದ್ದು ಮೂರು ದಿನದೊಳಗೆ ಮೊದಲ ಮೊಟ್ಟೆ, ಅದರಿಂದ ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು ಮೊಟ್ಟೆಗಳು. ಅಣ್ಣ ತಂಗಿಯರು ಅಲ್ಲೇ ಕೂಡುತ್ತವೆ. ನೊಣ ಕಣ ಒಡೆದು ಹೊರಬರುವಾಗ ತಾಯಿಯ ಜೊತೆ ಬಲಿತ ಹೆಣ್ಣುಮಕ್ಕಳೂ ಹೊರಬರುತ್ತವೆ. ಬಲಿಯದ್ದು ಒಳಗೇ ಸಾಯುತ್ತವೆ.

ನುಸಿ ನೊಣದ ರಕ್ತ ಹೀರುತ್ತದೆ ಅಂತ ಬಹಳ ಕಾಲ ನಂಬಿದ್ದರು. 2019ರಲ್ಲಿ ಬಂದ ಸಂಶೋಧನೆಯಲ್ಲಿ ಅದು ಮುಖ್ಯವಾಗಿ ತಿನ್ನುವುದು ಬಲಿತ ನೊಣದ ಕೊಬ್ಬಿನ ಅಂಗವನ್ನು ಅಂತ ಗೊತ್ತಾಯಿತು. ನಮ್ಮ ಪಿತ್ತಜನಕಾಂಗ ಮಾಡುವಂಥ ಕೆಲಸವನ್ನು ನೊಣದಲ್ಲಿ ಮಾಡುವುದು ಅದೇ ಅಂಗ. ಅದು ಹೋದರೆ ರೋಗ ತಡೆಯುವ ಶಕ್ತಿ ಹೋಯಿತು. ಸಾಲದ್ದಕ್ಕೆ ನುಸಿ ಕಚ್ಚಿದ ಜಾಗದಿಂದ ರೆಕ್ಕೆ ಮುದುಡಿಸುವ ವೈರಸ್ ಒಳಗೆ ಹೋಗುತ್ತದೆ. ಪೆಟ್ಟಿಗೆಯ ಮುಂದೆ ಹುಲ್ಲಿನಲ್ಲಿ ಎಳೆ ನೊಣಗಳು ಹಾರಲಾಗದೆ ತೆವಳುತ್ತಿದ್ದರೆ, ರೆಕ್ಕೆ ಸುಟ್ಟ ಕಾಗದದ ಹಾಗೆ ಮುದುಡಿದ್ದರೆ, ಒಳಗೆ ನುಸಿ ಮಿತಿಮೀರಿದೆ ಅಂತಲೇ ಅರ್ಥ.

ನಮ್ಮ ತುಡುವೆಗೂ ಇದು ಬರುತ್ತಾ? ನಮ್ಮಪ್ಪ ನಲವತ್ತು ವರ್ಷ ಸಾಕಿದ್ರು, ಒಂದಿನಾನೂ ನುಸಿ ಅಂದಿಲ್ಲ.

ನಿಮ್ಮ ಅಪ್ಪ ಹೇಳಿದ್ದು ಸರಿ, ನುಸಿ ಇದ್ದದ್ದೂ ನಿಜ. ವರೋವಾದ ಮೂಲ ಮನೆಯೇ ತುಡುವೆಯ ಜಾತಿ. 1904ರಲ್ಲಿ ಜಾವಾದಲ್ಲಿ ಈ ಕುಲದ ನುಸಿಯನ್ನು ಮೊದಲು ಗುರುತಿಸಿದ್ದೂ ತುಡುವೆ ಜಾತಿಯ ಜೇನಿನ ಮೇಲೇ. ಮೆಲ್ಲಿಫೆರಾಕ್ಕೆ ಹಾರಿ ಜಗತ್ತೆಲ್ಲ ಹಬ್ಬಿದ್ದು ಅದರ ಹತ್ತಿರದ ಇನ್ನೊಂದು ಜಾತಿ. 2000ದಲ್ಲಿ ಅದನ್ನು ಬೇರೆ ಅಂತ ಗುರುತಿಸಿ ಹೊಸ ಹೆಸರು ಕೊಟ್ಟರು.

ಸಾವಿರಾರು ವರ್ಷ ಜೊತೆಗೆ ಬದುಕಿ ತುಡುವೆ ಇದಕ್ಕೆ ಉಪಾಯ ಕಲಿತಿದೆ. ಮೈಮೇಲೆ ನುಸಿ ಹತ್ತಿದರೆ ಮೈ ಅಲುಗಿಸಿ ಕೊಡವುತ್ತದೆ, ಅಕ್ಕಪಕ್ಕದ ನೊಣಗಳು ಬಂದು ಬಾಯಿಂದ ಕಿತ್ತು ಹಾಕುತ್ತವೆ. ನುಸಿ ಮೊಟ್ಟೆ ಇಟ್ಟು ಬೆಳೆಯುವುದು ಹೆಚ್ಚುಕಮ್ಮಿ ಗಂಡು ಮರಿಗಳಲ್ಲಿ ಮಾತ್ರ. ಕೆಲಸಗಾರ ಮರಿಗೆ ನುಸಿ ತಗಲಿದರೆ ಕಿತ್ತು ಹೊರಗೆ ಎಸೆದುಬಿಡುತ್ತವೆ. ತುಡುವೆಯ ಗಂಡು ಕಣದ ಮುಚ್ಚಳ ನೋಡಿದ್ದೀರಲ್ಲ, ನಡುವೆ ಸೂಜಿ ಚುಚ್ಚಿದ ಹಾಗೆ ತೂತು ಇರುವ ಗಟ್ಟಿ ಟೋಪಿ? ಒಂದೇ ಕಣದಲ್ಲಿ ನುಸಿ ಜಾಸ್ತಿ ಆದರೆ ಗಂಡು ಮರಿ ಸೋತು ಆ ಟೋಪಿ ಒಡೆದು ಬರಲಾರದೆ ಸಾಯುತ್ತದೆ, ನೊಣಗಳು ಅದನ್ನು ತೆರೆಯುವುದಿಲ್ಲ. ನುಸಿಗಳಿಗೂ ಅದೇ ಗೋರಿ.

ಹಾಗಾಗಿ ನನ್ನ ಉತ್ತರ ಸರಳ. ತುಡುವೆಗೆ ನುಸಿ ಮದ್ದು ಬೇಡ. ಕುಟುಂಬ ಬಲವಾಗಿಡಿ, ಹಳೆ ಕಪ್ಪು ಎರಿ ತೆಗೆಯಿರಿ, ಮಳೆಗಾಲದಲ್ಲಿ ಹಸಿವಿಗೆ ಬಿಡಬೇಡಿ. ಘಾಟು ವಾಸನೆಯ ಯಾವ ಮದ್ದು ಹಾಕಿದರೂ ಮಾರನೇ ದಿನ ಪೆಟ್ಟಿಗೆ ಖಾಲಿ ಸಿಗಬಹುದು. ನುಸಿಯಿಂದ ಹೋದ ತುಡುವೆಗಿಂತ ಮದ್ದಿನಿಂದ ಎದ್ದು ಹೋದ ತುಡುವೆಯನ್ನೇ ನಾನು ಜಾಸ್ತಿ ಕಂಡಿದ್ದೇನೆ.

1992ರ ಸುಮಾರಿಗೆ ನಮ್ಮೂರಿನ ತುಡುವೆ ಎಲ್ಲ ಸತ್ತು ಹೋಯ್ತಲ್ಲ, ಅದು ಇದೇ ನುಸಿಯಿಂದನಾ?

ಅಲ್ಲ. ಅದು ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ. 1976ರಲ್ಲಿ ಥಾಯ್ಲೆಂಡಿನಲ್ಲಿ ಕಂಡದ್ದು 1991-92ರಲ್ಲಿ ದಕ್ಷಿಣ ಭಾರತಕ್ಕೆ ಬಂದು ಕೇರಳ, ಕರ್ನಾಟಕದ ತುಡುವೆಯನ್ನು ಗುಡಿಸಿ ಹಾಕಿತು. ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ ಮನೆಗಳು ನಮ್ಮಲ್ಲಿ ಎಷ್ಟೋ ಇದ್ದವು.

ಇವೆರಡನ್ನೂ ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ಸ್ಯಾಕ್‌ಬ್ರೂಡ್‌ನಲ್ಲಿ ಬಲಿತ ಹುಳು ಕಣದೊಳಗೆ ಅಂಗಾತ ಸತ್ತು, ತಲೆ ಮೇಲೆತ್ತಿ ದೋಣಿಯ ಹಾಗೆ ಕಾಣುತ್ತದೆ. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಇಡಿಯಾಗಿ ಬರುತ್ತದೆ. ಇದಕ್ಕೆ ಓಮ, ಗಂಧಕ, ಆಸಿಡ್ ಯಾವುದೂ ನಾಟುವುದಿಲ್ಲ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವುದು, ರೋಗದ ಎರಿ ತೆಗೆದು ಸುಡುವುದು, ಉಳಿದುಕೊಂಡ ಗಟ್ಟಿ ಕುಟುಂಬವನ್ನು ಪಾಲು ಮಾಡಿ ಹೊಸ ಕುಟುಂಬ ಮಾಡುವುದು, ದಾರಿ ಇಷ್ಟೇ.

ಹೆಜ್ಜೇನು, ಮಿಸ್ರಿಗೆ?

ಮಿಸ್ರಿಗೆ, ಅಂದರೆ ಕೊಂಡಿಯಿಲ್ಲದ ಮುಜಂಟಿ ಜೇನಿಗೆ, ವರೋವಾ ಚಿಂತೆ ಇಲ್ಲ. ಟ್ರೋಪಿಲೇಲ್ಯಾಪ್ಸ್‌ನ ಮೂಲ ಮನೆ ಹೆಜ್ಜೇನು. ಹೂವಿನ ಕಾಲ ಮುಗಿದ ಮೇಲೆ ಹೆಜ್ಜೇನು ಎರಿ ಬಿಟ್ಟು ವಲಸೆ ಹೋಗುತ್ತದಲ್ಲ, ದಾರಿಯಲ್ಲಿ ಮರಿ ಇರುವುದಿಲ್ಲ, ನುಸಿ ಉಪವಾಸ ಬಿದ್ದು ಸಾಯುತ್ತದೆ. ಹೆಜ್ಜೇನಿಗೆ ವಲಸೆಯೇ ಮದ್ದು. ನಿಮ್ಮ ಮೆಲ್ಲಿಫೆರಾ ಪೆಟ್ಟಿಗೆ ಹೆಜ್ಜೇನು ಕೂರುವ ಮರದ ಹತ್ತಿರ ಇದ್ದರೆ ಈ ನುಸಿಯ ಮೇಲೆ ಕಣ್ಣಿಡಿ.

## ಎಣಿಸುವುದು

ಎಷ್ಟು ನುಸಿ ಇದೆ ಅಂತ ಮನೆಯಲ್ಲೇ ಎಣಿಸೋಕಾಗುತ್ತಾ?

ಆಗುತ್ತದೆ, ನೊಣ ಸಾಯಿಸದೆಯೇ ಆಗುತ್ತದೆ. ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ ತಗೊಳ್ಳಿ. ಮುಚ್ಚಳದ ನಡುಭಾಗ ಕತ್ತರಿಸಿ ಜಾಲರಿ ಕೂರಿಸಿ. ಜಾಲರಿಯ ಕಣ್ಣು ಎರಡೂವರೆ ಮೂರು ಮಿ.ಮೀ. ಇರಲಿ. ಸೊಳ್ಳೆ ಪರದೆ ಬೇಡ, ಅದರಲ್ಲಿ ನುಸಿ ಕೆಳಗಿಳಿಯುವುದಿಲ್ಲ.

ಮರಿ ಇರುವ ಚೌಕಟ್ಟು (ಎರಿ ಕಟ್ಟಿದ ಮರದ ಫ್ರೇಮು) ಎತ್ತಿ, ರಾಣಿ ಅದರಲ್ಲಿ ಇಲ್ಲ ಅಂತ ಎರಡು ಸಲ ನೋಡಿ. ಆಮೇಲೆ ಅರ್ಧ ಕಪ್ಪಿನಷ್ಟು ನೊಣ ಬಾಟಲಿಗೆ ಬೀಳಿಸಿ, ಅದು ಸುಮಾರು 300 ನೊಣ. ಜಾಲರಿಯ ಮೇಲಿಂದ ಎರಡು ದೊಡ್ಡ ಚಮಚ ನುಣ್ಣಗೆ ಬೀಸಿದ ಸಕ್ಕರೆ ಪುಡಿ ಹಾಕಿ. ಬಾಟಲಿಯನ್ನು ಮೆಲ್ಲಗೆ ಹೊರಳಿಸಿ ಎರಡು ನಿಮಿಷ ನೆರಳಲ್ಲಿಡಿ. ಆಮೇಲೆ ಬಿಳಿ ತಟ್ಟೆಯ ಮೇಲೆ ಬೋರಲು ಹಿಡಿದು ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ. ಸಕ್ಕರೆ ಬೀಳುತ್ತದೆ, ಜೊತೆಗೆ ನುಸಿಯೂ. ತಟ್ಟೆಗೆ ಸ್ವಲ್ಪ ನೀರು ಚಿಮುಕಿಸಿದರೆ ಸಕ್ಕರೆ ಕರಗಿ, ಬಿಳಿ ತಟ್ಟೆಯಲ್ಲಿ ಕೆಂಪು ಚುಕ್ಕೆಗಳು ಮಾತ್ರ ಉಳಿಯುತ್ತವೆ. ಮೊದಲ ಸಲ ಮಾಡಿದಾಗ ನನ್ನ ತಟ್ಟೆಯಲ್ಲಿ 21 ಇದ್ದವು. ಅಲ್ಲಿವರೆಗೂ ಆ ಪೆಟ್ಟಿಗೆ ಚೆನ್ನಾಗಿದೆ ಅಂತಲೇ ಅಂದುಕೊಂಡಿದ್ದೆ. ಹಿಂದಿನ ವರ್ಷ ಕೊಂಡು ತಂದಿದ್ದ ಪೆಟ್ಟಿಗೆ ಅದು, ಮಾರಿದವರು ನುಸಿ ವಿಷಯ ಒಂದಕ್ಷರ ಹೇಳಿರಲಿಲ್ಲ. ಈಗ ಹೊಸ ಪೆಟ್ಟಿಗೆ ಬಂದ ದಿನವೇ ಎಣಿಸುತ್ತೇನೆ.

ಸಿಕ್ಕ ಲೆಕ್ಕವನ್ನು ಮೂರರಿಂದ ಭಾಗಿಸಿ, ಅದು 100 ನೊಣಕ್ಕೆ ಎಷ್ಟು ಅನ್ನುವ ಲೆಕ್ಕ. ಒಂದರೊಳಗೆ ಇದ್ದರೆ ಸುಮ್ನಿರಿ. ಮೂರು ದಾಟಿದರೆ ಏನಾದರೂ ಮಾಡಲೇಬೇಕು. ನಡುವೆ ಇದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಎಣಿಸಿ. ಮಳೆಗಾಲದಲ್ಲಿ ಸಕ್ಕರೆ ಪುಡಿ ಗಾಳಿಯ ತೇವ ಕುಡಿದು ಗಂಟಾಗುತ್ತದೆ, ಗಂಟಾದ ಪುಡಿಯಲ್ಲಿ ಲೆಕ್ಕ ಸರಿ ಬರುವುದಿಲ್ಲ. ಒಲೆಯ ಪಕ್ಕ ಬೆಚ್ಚಗಿಟ್ಟ ಪುಡಿ ಬಳಸಿ.

ಇನ್ನೂ ಸುಲಭದ ದಾರಿ ಇಲ್ವಾ?

ಅಡಿಹಲಗೆಯ ಮೇಲೆ ಎಣ್ಣೆ ಸವರಿದ ಬಿಳಿ ಹಾಳೆ ಹಾಕಿ, ಮೇಲೆ ಜಾಲರಿ ಇಟ್ಟು, 24 ಗಂಟೆಗೆ ಎಷ್ಟು ಬಿತ್ತು ಅಂತ ನೋಡಬಹುದು. ನಮ್ಮಲ್ಲಿ ಇರುವೆ ಬಂದು ಲೆಕ್ಕ ಹೊತ್ತುಕೊಂಡು ಹೋಗುತ್ತದೆ, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇರಲೇಬೇಕು. ಇಲ್ಲವಾದರೆ ಮುಚ್ಚಿದ ಗಂಡು ಕಣಗಳನ್ನು ಹೇರ್‌ಪಿನ್ನಿನಿಂದ ಬಿಡಿಸಿ ನೋಡಿ. ಹಾಲು ಬಿಳುಪಿನ ಮರಿಯ ಮೇಲೆ ಕೆಂಪು ಚುಕ್ಕೆ ಎದ್ದು ಕಾಣುತ್ತದೆ. ಟ್ರೋಪಿಲೇಲ್ಯಾಪ್ಸ್ ಅನುಮಾನ ಇದ್ದರೆ ನೊಣ ಕೊಡವಿದ ಮರಿ ಚೌಕಟ್ಟನ್ನು ಬಿಳಿ ತಟ್ಟೆಯ ಅಂಚಿಗೆ ನಾಲ್ಕು ಸಲ ತಟ್ಟಿ. ಬಿದ್ದವು ಓಡುತ್ತವೆ.

## ಅಡುಗೆಮನೆ, ಹಿತ್ತಲಿನ ಮದ್ದು

ಸಕ್ಕರೆ ಪುಡಿ ಉದುರಿಸಿದರೆ ನುಸಿ ಹೋಗುತ್ತೆ ಅಂತಾರೆ, ಹೌದಾ?

ಬೀಳುತ್ತದೆ, ಹೋಗುವುದಿಲ್ಲ. ಪುಡಿ ತಾಗಿ ನುಸಿಯ ಕಾಲು ಹಿಡಿತ ತಪ್ಪುತ್ತದೆ, ನೊಣಗಳೂ ಮೈ ಸ್ವಚ್ಛ ಮಾಡಿಕೊಳ್ಳುತ್ತವೆ. ಆದರೆ ಮರಿ ಇರುವ ಕಾಲದಲ್ಲಿ ಹೆಚ್ಚಿನ ನುಸಿ ಇರುವುದೇ ಮುಚ್ಚಿದ ಕಣದೊಳಗೆ. ಅಲ್ಲಿಗೆ ಸಕ್ಕರೆ ಹೋಗುವುದಿಲ್ಲ. ವಾರ ವಾರ ಉದುರಿಸಿದರೂ ಮೇಲೇರುವ ನುಸಿಯನ್ನು ತಡೆಯಲಾಗದು. ಎಣಿಸಲು ಸಕ್ಕರೆಯೇ ಸಾಕು, ಮದ್ದು ಅಂತ ಅದನ್ನು ನೆಚ್ಚಬೇಡಿ.

ಬೇವು, ಬೆಳ್ಳುಳ್ಳಿ, ತುಳಸಿ, ಅರಿಶಿನ ಇವುಗಳಲ್ಲಿ ಯಾವುದು ಒಳ್ಳೇದು?

ಈ ಪ್ರಶ್ನೆಗೆ ಬೇಸರದ ಉತ್ತರವನ್ನೇ ಕೊಡಬೇಕಾಗಿದೆ. ತುಳಸಿ ಎಲೆ, ಅರಿಶಿನ ಪುಡಿ ಪೆಟ್ಟಿಗೆಯಲ್ಲಿಟ್ಟರೆ ನೊಣಗಳು ಎಳೆದು ಹೊರಗೆ ಹಾಕುತ್ತವೆ, ನುಸಿಗೆ ಏನೂ ಆಗುವುದಿಲ್ಲ. ಬೆಳ್ಳುಳ್ಳಿಯ ವಾಸನೆ ಜೇನುತುಪ್ಪಕ್ಕೆ ಹತ್ತುತ್ತದೆ. ಬೇವಿನ ಎಣ್ಣೆಗೆ ನುಸಿ ಸಾಯಿಸುವ ಗುಣ ಇರುವುದು ಪ್ರಯೋಗದಲ್ಲಿ ಕಂಡಿದೆ. ಆದರೆ ಎರಿಗೆ ಸಿಂಪಡಿಸಿದಾಗ ಮರಿಗೆ ತೊಂದರೆಯಾಗಿದೆ, ರಾಣಿಯನ್ನು ಕಳೆದುಕೊಂಡದ್ದೂ ಇದೆ. ಬೇವು ನಮ್ಮದು, ಮನೆಯದು, ಹಾಗಾಗಿ ನಿರಪಾಯ ಅನ್ನುವ ನಂಬಿಕೆ ಜೇನಿನ ವಿಷಯದಲ್ಲಿ ನಡೆಯುವುದಿಲ್ಲ. ಜೇನೂ ಒಂದು ಹುಳ, ನುಸಿಯನ್ನು ಸಾಯಿಸುವುದು ಅದನ್ನೂ ಮುಟ್ಟುತ್ತದೆ.

ಓಮದ ಕಾಳು, ದೊಡ್ಡಪತ್ರೆ?

ಇಲ್ಲಿ ವಿಷಯ ಇದೆ. ಓಮದ ಘಾಟಿಗೆ ಕಾರಣ ಥೈಮಾಲ್. ದೊಡ್ಡಪತ್ರೆಯಲ್ಲೂ ಅದು, ಅದರ ಜೊತೆಗಾರ ಕಾರ್ವಕ್ರಾಲ್ ಇವೆ. ಥೈಮಾಲ್ ಆವಿ ವರೋವಾವನ್ನು ಸಾಯಿಸುತ್ತದೆ, ಹೊರದೇಶಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ. ಆದರೆ ಕಾಳಿನ ಪೊಟ್ಟಣ ಕಟ್ಟಿಟ್ಟರೆ, ಎಲೆ ಹಿಸುಕಿ ಇಟ್ಟರೆ ಆವಿ ಸಾಲುವುದಿಲ್ಲ. ಪೆಟ್ಟಿಗೆ ತೆರೆದಾಗ ಒಳ್ಳೆ ವಾಸನೆ ಬರುತ್ತದೆ, ಅಷ್ಟೇ.

ಬಳಸುವುದು ಶುದ್ಧ ಹರಳನ್ನು. ಗ್ರಂಧಿಗೆ ಅಂಗಡಿಯಲ್ಲಿ ಓಮದ ಹೂ ಅಂತ ಕೇಳಿ, ಕರ್ಪೂರದ ಹಾಗೆ ಕಾಣುವ ಹರಳು. ಕರ್ಪೂರ, ಪುದೀನ ಹೂ ಬೆರೆಸಿದ್ದನ್ನು ತಗೋಬೇಡಿ. ಹೊರದೇಶದ ಸಿದ್ಧ ಜೆಲ್‌ನಲ್ಲಿ ಒಂದು ತಟ್ಟೆಗೆ 12.5 ಗ್ರಾಂ ಥೈಮಾಲ್ ಇರುತ್ತದೆ. ಅದನ್ನು ಬಲವಾದ ಮೆಲ್ಲಿಫೆರಾ ಕುಟುಂಬಕ್ಕೆ ಚೌಕಟ್ಟಿನ ಮೇಲಿಟ್ಟು, ಎರಡು ವಾರ ಬಿಟ್ಟು ಇನ್ನೊಂದು ಇಡುತ್ತಾರೆ. ಆ ಅಳತೆ ದೊಡ್ಡ ಪೆಟ್ಟಿಗೆಗೆ, ನಿಧಾನ ಬಿಡುವ ಜೆಲ್‌ಗೆ. ಬರೀ ಹರಳನ್ನು ಅಷ್ಟು ಸುರಿದರೆ ಬಿಸಿಲಿನ ದಿನ ಒಮ್ಮೆಗೇ ಆವಿಯಾಗಿ ನೊಣವೆಲ್ಲ ಹೊರಗೆ ಬಂದು ಗಡ್ಡದ ಹಾಗೆ ಜೋತುಬೀಳುತ್ತದೆ. ನಾನು ಐದಾರು ಗ್ರಾಂ ಹರಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಚೌಕಟ್ಟಿನ ಮೂಲೆಯಲ್ಲಿ, ಮರಿಯ ನೆತ್ತಿಗಲ್ಲದೆ ಇಟ್ಟು ಶುರು ಮಾಡುತ್ತೇನೆ. ಎರಡು ದಿನ ನೋಡಿ ಆಮೇಲೆ ಹೆಚ್ಚಿಸುತ್ತೇನೆ. 15 ಡಿಗ್ರಿಗಿಂತ ಚಳಿ ಇದ್ದರೆ ಆವಿ ಏಳುವುದಿಲ್ಲ. ತುಪ್ಪದ ಕಾಲದಲ್ಲಿ ಬೇಡವೇ ಬೇಡ, ತುಪ್ಪ ಕೆಮ್ಮಿನ ಔಷಧದ ರುಚಿ ಬರುತ್ತದೆ.

ಮಜ್ಜಿಗೆಹುಲ್ಲಿನ ಎಣ್ಣೆ ಸವರಿದ್ರೆ?

ಅದು ಕುಟುಂಬ ಒಡೆದು ಪಾಲು ಹೋದ ಜೇನನ್ನು ಖಾಲಿ ಪೆಟ್ಟಿಗೆಗೆ ಕರೆಯಲು ಒಳ್ಳೆಯದು. ಅದರ ವಾಸನೆ ಜೇನು ತನ್ನವರನ್ನು ಕರೆಯುವ ವಾಸನೆಯ ಹತ್ತಿರ ಇದೆ. ನುಸಿಗೆ ಅಲ್ಲ.

ಅಡಿಕೆ ತೋಟದವರು ನಾವು, ಗಂಧಕ ಮನೆಯಲ್ಲೇ ಇದೆ. ಹಾಕಬಹುದಾ?

ನಮ್ಮ ದೇಶದಲ್ಲಿ ಮೆಲ್ಲಿಫೆರಾಕ್ಕೆ ಹಳೆಯ ಶಿಫಾರಸೇ ಇದು. ನುಣ್ಣನೆ ಗಂಧಕದ ಪುಡಿ, ಒಂದು ಚೌಕಟ್ಟಿಗೆ 200 ಮಿಲಿಗ್ರಾಂ, ಚೌಕಟ್ಟಿನ ಮೇಲಿನ ಪಟ್ಟಿಯ ಮೇಲೆ ಮಾತ್ರ, ವಾರ ಹತ್ತು ದಿನಕ್ಕೊಮ್ಮೆ. 200 ಮಿಲಿಗ್ರಾಂ ಅಂದರೆ ಒಂದು ಚಿಟಿಕೆಗಿಂತ ಜಾಸ್ತಿ ಇಲ್ಲ. ಟ್ರೋಪಿಲೇಲ್ಯಾಪ್ಸ್‌ಗೆ ಇದು ಚೆನ್ನಾಗಿ ನಾಟುತ್ತದೆ. ಕಣದ ಮೇಲೆ, ಹುಳುವಿನ ಮೇಲೆ ಬೀಳಿಸಬೇಡಿ. ನೀರಲ್ಲಿ ಕರಗಿಸಿ ಗಿಡಕ್ಕೆ ಹೊಡೆಯುವ ಗಂಧಕದಲ್ಲಿ ಬೇರೆ ವಸ್ತು ಬೆರೆತಿರುತ್ತವೆ, ಅದು ಬೇಡ. ಜೇನಿಗೆ ಹೊಗೆ ಊದುವ ತಿದಿಗೆ ಗಂಧಕ ಹಾಕಿ ಸುಡುವುದಂತೂ ಕೂಡದು, ಆ ಹೊಗೆಗೆ ಇಡೀ ಕುಟುಂಬ ಸಾಯುತ್ತದೆ.

ಹೊಗೆಸೊಪ್ಪಿನ ಹೊಗೆ ಹಾಕ್ತಿದ್ರು ನಮ್ಮಜ್ಜ.

ನುಸಿ ಅಮಲಾಗಿ ಉದುರುತ್ತದೆ, ಹೌದು. ನೊಣವೂ ಉದುರುತ್ತದೆ. ಉದುರಿದ ನುಸಿ ಎಷ್ಟೋ ಸಲ ಎದ್ದು ಮತ್ತೆ ಹತ್ತುತ್ತದೆ. ಬಿಡಿ ಅದನ್ನು.

## ಆಮ್ಲಗಳು

ರಬ್ಬರಿಗೆ ಹಾಕೋ ಆಸಿಡ್ಡೇ ನುಸಿಗೂ ಆಗುತ್ತಂತೆ, ನಿಜನಾ?

ನಿಜ, ಎರಡೂ ಫಾರ್ಮಿಕ್ ಆಮ್ಲವೇ. ರಬ್ಬರ್ ಹಾಲು ಗಟ್ಟಿ ಮಾಡಲು ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ. ಕೆಂಪಿರುವೆ ಕಚ್ಚಿದಾಗ ಉರಿಯುವುದೂ ಇದರಿಂದಲೇ. ಇದರ ದೊಡ್ಡ ಗುಣ, ಆವಿ ಮುಚ್ಚಳ ದಾಟಿ ಕಣದೊಳಗಿನ ನುಸಿಯನ್ನೂ ಮುಟ್ಟುತ್ತದೆ. ಬೇರೆ ನೈಸರ್ಗಿಕ ಮದ್ದುಗಳಿಗೆ ಆ ಶಕ್ತಿ ಇಲ್ಲ.

ನಮ್ಮ ದೇಶದ ರೂಢಿಯ ಅಳತೆ ಹೀಗೆ. 85 ಶೇಕಡಾ ಆಮ್ಲ, ದಿನಕ್ಕೆ 5 ಮಿ.ಲೀ., ಸಣ್ಣ ಗಾಜಿನ ಶೀಶೆಯಲ್ಲಿ ಹತ್ತಿಯ ಬತ್ತಿ ಇಟ್ಟು ಪೆಟ್ಟಿಗೆಯೊಳಗೆ, 15 ದಿನ. ಇದು ತುಂಬಿದ ಮೆಲ್ಲಿಫೆರಾ ಕುಟುಂಬಕ್ಕೆ. ಹಗಲಿನ ಬಿಸಿ 30 ಡಿಗ್ರಿ ಹತ್ತಿರ ಬಂದರೆ ನಿಲ್ಲಿಸಿ. ನಾನು ಒಂದು ಮಾರ್ಚಿನಲ್ಲಿ ಈ ಮಾತು ಮೀರಿದೆ. ಬೆಳಿಗ್ಗೆ ತಂಪಿತ್ತು, ಶೀಶೆ ಇಟ್ಟೆ. ಮಧ್ಯಾಹ್ನ ಸೆಕೆ ಏರಿತು. ಸಂಜೆ ಹೋದಾಗ ನೊಣವೆಲ್ಲ ಬಾಗಿಲ ಹೊರಗೆ. ನಾಲ್ಕನೇ ದಿನ ತೆರೆದರೆ ಒಂದೇ ಒಂದು ಮೊಟ್ಟೆ ಇಲ್ಲ, ರಾಣಿ ಇಲ್ಲ. ಒಳ್ಳೆ ರಾಣಿ ಅದು, ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಇದು ಚರ್ಮ ಸುಡುತ್ತದೆ, ಕಣ್ಣು ಕೆಡಿಸುತ್ತದೆ. ರಬ್ಬರ್ ಕೈಗವಸು, ಕನ್ನಡಕ ಇರಲಿ. ಗಾಳಿ ಬರುವ ಕಡೆ ಬೆನ್ನು ಮಾಡಿ ನಿಲ್ಲಿ, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಳ್ಳಿ. ತೆಳ್ಳಗೆ ಮಾಡುವುದಾದರೆ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಮಕ್ಕಳಿರುವ ಮನೆಯಲ್ಲಿ ಕುಡಿಯುವ ನೀರಿನ ಬಾಟಲಿಗೆ ತುಂಬಿಡಬೇಡಿ ಮಾರಾಯ್ರೆ.

ಆಕ್ಸಾಲಿಕ್ ಆಸಿಡ್ ಹೇಗೆ ಹಾಕೋದು? ಪಾಕದಲ್ಲಿ ಅಂತಾರೆ.

ಒಂದು ಲೀಟರ್ ಸಕ್ಕರೆ ಪಾಕಕ್ಕೆ, ಅಂದರೆ ಸಮಸಮ ಸಕ್ಕರೆ ನೀರು ಕೂಡಿದ್ದಕ್ಕೆ, 35 ಗ್ರಾಂ ಆಕ್ಸಾಲಿಕ್ ಹರಳು. ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಲಸಿ, ಲೋಹ ಬೇಡ. ಉಗುರುಬೆಚ್ಚಗೆ ಇದ್ದಾಗ ಸಿರಿಂಜಿನಲ್ಲಿ ಎರಡು ಚೌಕಟ್ಟಿನ ನಡುವೆ ನೊಣ ಕೂತಿರುವ ಪ್ರತಿ ಸಂದಿಗೆ 5 ಮಿ.ಲೀ. ಹನಿಸಿ. ಎಷ್ಟೇ ದೊಡ್ಡ ಕುಟುಂಬವಾದರೂ 50 ಮಿ.ಲೀ. ಮೀರಬಾರದು. ಮಾಡಿದ್ದನ್ನು ಅಂದೇ ಮುಗಿಸಿ, ಉಳಿಸಿಟ್ಟರೆ ಜೇನಿಗೆ ವಿಷವಾಗುವ ವಸ್ತು ಅದರಲ್ಲಿ ಹುಟ್ಟುತ್ತದೆ.

ಇದು ಮುಚ್ಚಳ ದಾಟುವುದಿಲ್ಲ. ಮರಿ ತುಂಬಿರುವಾಗ ಹಾಕಿದರೆ ಅರ್ಧ ಕೆಲಸವೂ ಆಗದು. ಮರಿ ಇಲ್ಲದಾಗ ಹಾಕಿದರೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಾಯಿಸಿ ಆವಿ ಮಾಡಿ ಬಿಡುವ ಪದ್ಧತಿಯೂ ಇದೆ, ಆದರೆ ಆ ಆವಿ ಶ್ವಾಸಕೋಶ ಸುಡುತ್ತದೆ. ಆಮ್ಲದ ಆವಿ ತಡೆಯುವ ಸರಿಯಾದ ಮುಖವಾಡ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ.

ನೈಸರ್ಗಿಕ ಅಂತೀರಿ, ಆಸಿಡ್ ಹಾಕಿ ಅಂತೀರಿ. ಆ ತುಪ್ಪ ತಿನ್ನಬಹುದಾ?

ಫಾರ್ಮಿಕ್, ಆಕ್ಸಾಲಿಕ್ ಎರಡೂ ತುಪ್ಪದಲ್ಲಿ ಮೊದಲೇ ಅತಿ ಕಡಿಮೆ ಪ್ರಮಾಣದಲ್ಲಿ ಇರುವಂಥವೇ. ಮೇಣದಲ್ಲಿ ಕೂತು ವರ್ಷಗಟ್ಟಲೆ ಉಳಿಯುವುದಿಲ್ಲ. ನೈಸರ್ಗಿಕ ಅನ್ನುವುದು ಈ ಅರ್ಥದಲ್ಲಿ. ಆದರೂ ಜೇನು ಕೋಣೆ, ಅಂದರೆ ನಾವು ತುಪ್ಪ ತೆಗೆಯುವ ಮೇಲಿನ ಪೆಟ್ಟಿಗೆ, ತೆಗೆದೇ ಮದ್ದು ಹಾಕಬೇಕು. ರಾಣಿ, ಮರಿ ಇರುವ ಕೆಳಗಿನ ಸಂಸಾರ ಕೋಣೆಯ ತುಪ್ಪ ಜೇನಿನದು, ಅದನ್ನು ಮುಟ್ಟಬೇಡಿ. ನುಸಿ ಇರುವ ಪೆಟ್ಟಿಗೆಯ ತುಪ್ಪಕ್ಕೆ ನುಸಿಯಿಂದ ಏನೂ ಕೆಡುಕಿಲ್ಲ.

## ಸ್ವಲ್ಪ ಅನುಭವ ಆದವರಿಗೆ

ಮದ್ದೇ ಇಲ್ಲದೆ ನುಸಿ ಇಳಿಸೋಕಾಗುತ್ತಾ?

ಸುಮಾರು ಮಟ್ಟಿಗೆ. ಮೆಲ್ಲಿಫೆರಾದಲ್ಲೂ ನುಸಿಗೆ ಗಂಡು ಕಣವೇ ಇಷ್ಟ, ಮುಚ್ಚಿದ ಮೇಲೆ ಅದು ಕೆಲಸಗಾರ ಕಣಕ್ಕಿಂತ ಎರಡು ಮೂರು ದಿನ ಜಾಸ್ತಿ ಮುಚ್ಚಿರುತ್ತದೆ. ಹಾಗಾಗಿ ಒಂದು ಚೌಕಟ್ಟಿನಲ್ಲಿ ಗಂಡು ಎರಿ ಕಟ್ಟಲು ಬಿಟ್ಟು, ಮುಚ್ಚಿದ ಕೂಡಲೇ ಕತ್ತರಿಸಿ ತೆಗೆಯಬಹುದು. ಕೋಳಿಗೆ ಹಾಕಿದರೆ ಓಡಿ ಬಂದು ತಿನ್ನುತ್ತವೆ. ಮೊಟ್ಟೆ ಬಿದ್ದ ದಿನದಿಂದ 24 ದಿನಕ್ಕೆ ಗಂಡು ಹೊರಬರುತ್ತದೆ. ಆ ದಿನ ಮರೆತರೆ ನೀವೇ ನುಸಿ ಸಾಕಿದ ಹಾಗಾಯಿತು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಇದಕ್ಕಿಂತ ಬಲವಾದದ್ದು ರಾಣಿಯನ್ನು ಪಂಜರದಲ್ಲಿಡುವುದು. 24 ದಿನ ಇಟ್ಟರೆ ಪೆಟ್ಟಿಗೆಯಲ್ಲಿ ಒಂದು ಮರಿಯೂ ಉಳಿಯುವುದಿಲ್ಲ, ನುಸಿಯೆಲ್ಲ ನೊಣದ ಮೈಮೇಲೆ ಬಂದಿರುತ್ತದೆ. ಆ ದಿನ ಆಕ್ಸಾಲಿಕ್ ಒಂದೇ ಸಲ ಹನಿಸಿ, ಎರಡು ದಿನ ಬಿಟ್ಟು ರಾಣಿಯನ್ನು ಬಿಡಿ. ಟ್ರೋಪಿಲೇಲ್ಯಾಪ್ಸ್ ಆದರೆ ಮದ್ದೇ ಬೇಡ. ಅದರ ಬಾಯಿ ದೊಡ್ಡ ನೊಣದ ಗಟ್ಟಿ ಚರ್ಮಕ್ಕೆ ನಾಟುವುದಿಲ್ಲ, ಮರಿ ಇಲ್ಲದಿದ್ದರೆ ಕೆಲವೇ ದಿನದಲ್ಲಿ ಸಾಯುತ್ತದೆ.

ನಮ್ಮ ಮಳೆಗೆ ಯಾವ ತಿಂಗಳಲ್ಲಿ ಏನು ಮಾಡಬೇಕು?

ಹೊರಗಿನ ಪುಸ್ತಕಗಳಲ್ಲಿ ಚಳಿಗಾಲಕ್ಕೆ ಮರಿ ನಿಲ್ಲುತ್ತದೆ ಅಂತ ಇರುತ್ತದೆ. ನಮ್ಮಲ್ಲಿ ಮರಿ ಇಳಿಯುವುದು ಮಳೆಗಾಲದಲ್ಲಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ನೊಣ ಹೊರಗೆ ಹೋಗುವಂತಿಲ್ಲ, ಪರಾಗ ಬರುವುದಿಲ್ಲ, ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ. ಮರಿ ಕಡಿಮೆಯಾದಾಗ ಇದ್ದ ನುಸಿಯೆಲ್ಲ ಇರುವ ನಾಲ್ಕು ಮರಿಗೆ ಮುಗಿಬೀಳುತ್ತವೆ. ಆಶ್ಲೇಷ ಮಳೆಯ ಹೊತ್ತಿಗೆ ಮೆಲ್ಲಿಫೆರಾ ಪೆಟ್ಟಿಗೆಗಳು ಕುಸಿಯುವುದು ಇದೇ ಕಾರಣಕ್ಕೆ. ನಾವು ಹಸಿವು ಅಂದುಕೊಂಡು ಬರೀ ಪಾಕ ಕೊಡುತ್ತಿರುತ್ತೇವೆ.

ನಾನು ಮಾಡುವುದು ಹೀಗೆ. ಮೇ ಕೊನೆಗೆ, ತುಪ್ಪ ತೆಗೆದು ಜೇನು ಕೋಣೆ ಇಳಿಸಿದ ಕೂಡಲೇ ಎಣಿಸುತ್ತೇನೆ. ಮೂರು ದಾಟಿದ್ದರೆ ಮೊದಲ ಮಳೆ ಬಿದ್ದು ಗಾಳಿ ತಂಪಾದ ಮೇಲೆ ಓಮದ ಹೂ ಇಡುತ್ತೇನೆ. ಜುಲೈ ಆಗಸ್ಟಿನಲ್ಲಿ ಮರಿ ತೀರಾ ಕಡಿಮೆ ಇದ್ದಾಗ, ಮಳೆ ಬಿಡುವು ಕೊಟ್ಟ ದಿನ ನೋಡಿ ರಾಣಿ ಪಂಜರ, ಆಮೇಲೆ ಆಕ್ಸಾಲಿಕ್. ಸುರಿಯುವ ಮಳೆಯಲ್ಲಿ ಪೆಟ್ಟಿಗೆ ತೆರೆಯುವುದಿಲ್ಲ. ಚಿತ್ತೆ ಮಳೆ ಮುಗಿದು ಕುಟುಂಬ ಮೇಲೇಳುವಾಗ ಇನ್ನೊಮ್ಮೆ ಎಣಿಕೆ. ಆಗ ಫಾರ್ಮಿಕ್‌ಗೆ ಹವೆ ಸರಿ ಇರುತ್ತದೆ. ಫೆಬ್ರವರಿಯಿಂದ ತುಪ್ಪದ ಕಾಲ, ರಬ್ಬರ್ ಚಿಗುರು, ನೇರಳೆ ಅಂತ ಒಂದಾದ ಮೇಲೊಂದು ಶುರುವಾದರೆ ಯಾವ ಮದ್ದೂ ಇಲ್ಲ.

ಕಂಪನಿ ಪಟ್ಟಿ ನೇತು ಹಾಕಿದ್ರೆ ಮುಗೀತಲ್ಲ, ಇಷ್ಟೆಲ್ಲ ಯಾಕೆ?

ಮೊದಲ ಕೆಲವು ವರ್ಷ ಮುಗಿಯುತ್ತದೆ. ಫ್ಲುವ್ಯಾಲಿನೇಟ್‌ನಂಥ ರಾಸಾಯನಿಕ ಹಚ್ಚಿದ ಪಟ್ಟಿಗಳಿಗೆ ನುಸಿ ಒಗ್ಗಿಕೊಂಡದ್ದು ಎಷ್ಟೋ ದೇಶಗಳಲ್ಲಿ ಆಗಿದೆ. ಅದು ಮೇಣದಲ್ಲಿ ಕರಗಿ ಉಳಿಯುತ್ತದೆ. ಅದೇ ಮೇಣ ಹಾಳೆಯಾಗಿ ಇನ್ನೊಬ್ಬರ ಪೆಟ್ಟಿಗೆಗೆ ಹೋಗುತ್ತದೆ. ಸಾಯುವ ಸ್ಥಿತಿಯ ಕುಟುಂಬ ಉಳಿಸಲು ಒಮ್ಮೆ ಬಳಸಿದವರನ್ನು ನಾನು ತಪ್ಪು ಅನ್ನುವುದಿಲ್ಲ. ವರ್ಷ ವರ್ಷ ಎಣಿಸದೆ ತೂಗುಹಾಕುವುದು ತಪ್ಪು.

ನುಸಿ ತಡೆಯುವ ಜೇನನ್ನು ನಾವೇ ಆರಿಸಿಕೊಳ್ಳಬಹುದಾ?

ಖಂಡಿತ. ಮುಚ್ಚಿದ 100 ಕಣಗಳನ್ನು ಗುರುತು ಮಾಡಿ, ತೆಳು ಸೂಜಿಯಿಂದ ಮುಚ್ಚಳದ ಮೂಲಕ ಮರಿಯನ್ನು ಚುಚ್ಚಿ, ಚೌಕಟ್ಟು ವಾಪಸ್ ಇಡಿ. 24 ಗಂಟೆ ಬಿಟ್ಟು ನೋಡಿ. ಹೆಚ್ಚುಕಮ್ಮಿ ಎಲ್ಲ ಕಣ ಬಿಡಿಸಿ ಚೊಕ್ಕ ಮಾಡಿದ್ದರೆ ಆ ಕುಟುಂಬ ಒಳಗಿನ ಕಾಯಿಲೆಯನ್ನು ಮೂಸಿ ಹಿಡಿಯುವಂಥದ್ದು. ಪಾಲು ಮಾಡುವಾಗ ರಾಣಿ ಕಣವನ್ನು ಅಂಥದ್ದರಿಂದ ತಗೊಳ್ಳಿ. ಬರೀ ತುಪ್ಪ ಜಾಸ್ತಿ ಕೊಟ್ಟಿತು ಅಂತ ಆರಿಸಬೇಡಿ, ಎಣಿಕೆಯ ಪುಸ್ತಕವನ್ನೂ ತೆರೆದು ನೋಡಿ.

ಹಾಕಿದ ಮದ್ದು ಕೆಲಸ ಮಾಡ್ತು ಅಂತ ಗೊತ್ತಾಗೋದು ಹೇಗೆ? ಅಡಿಹಲಗೆ ತುಂಬಾ ನುಸಿ ಬಿದ್ದಿತ್ತು, ಖುಷಿಯಾಯ್ತು.

ಬಿದ್ದದ್ದರಿಂದ ಗೊತ್ತಾಗುವುದಿಲ್ಲ, ಉಳಿದದ್ದರಿಂದ ಗೊತ್ತಾಗುತ್ತದೆ. ಮದ್ದು ಮುಗಿದು ಎರಡು ಮೂರು ವಾರಕ್ಕೆ ಅದೇ ಬಾಟಲಿ, ಅದೇ ಅರ್ಧ ಕಪ್ಪು ನೊಣ, ಮತ್ತೊಮ್ಮೆ ಎಣಿಸಿ. 21 ಇದ್ದ ನನ್ನ ಪೆಟ್ಟಿಗೆ ಪಂಜರ ಮತ್ತು ಆಕ್ಸಾಲಿಕ್ ಆದ ಮೇಲೆ 2ಕ್ಕೆ ಇಳಿಯಿತು. ಎರಡು ತಿಂಗಳಿಗೆ ಮತ್ತೆ 9. ಮರಿ ಹೆಚ್ಚಿ ನುಸಿಯೂ ಹೆಚ್ಚಿತು ಅಂದರೂ ಅಷ್ಟು ಬೇಗ ಆಗಬಾರದಿತ್ತು. ಹುಡುಕಿದರೆ ಪಕ್ಕದ ತೋಟದಲ್ಲಿ ಸೋತ ಮೆಲ್ಲಿಫೆರಾ ಪೆಟ್ಟಿಗೆ ಒಂದಿತ್ತು, ನನ್ನ ನೊಣಗಳು ಅದರ ತುಪ್ಪ ಕದ್ದು ತರುವಾಗ ನುಸಿಯನ್ನೂ ಹೊತ್ತು ತಂದಿದ್ದವು. ಆ ಮನೆಯವರ ಜೊತೆ ಕೂತು ಮಾತಾಡಿದೆ. ಈಗ ಎರಡೂ ತೋಟದ ಪೆಟ್ಟಿಗೆಗಳನ್ನು ಒಂದೇ ದಿನ ಎಣಿಸುತ್ತೇವೆ, ಒಂದೇ ವಾರ ಮದ್ದು ಹಾಕುತ್ತೇವೆ.